ಜೊತೆ ನಿಂತ ಕಾಲು ಗಂಟೆ

ಜಿಪ್ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹೊಸದಾಗಿ ಸೇರಿದವರಿಗೆ ಅವಳು ಸೀಟಿ ಮೇಡಂ, ಹಳಬರಿಗೆ ಬರೀ ಸೀಟಿ. ಜಿಪ್ಪಿಗೆ ಹಲ್ಲು ಕೂರಿಸುವ ಯಂತ್ರಗಳು ಸಾಲಾಗಿ ಓಡತೊಡಗಿದರೆ ಆ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳಿಸುವುದಿಲ್ಲ. ಇವಳು ಪ್ಯಾಕಿಂಗಿಗೆ ಸೇರಿದ ಹೊಸತರಲ್ಲಿ ಎದುರು ಸಾಲಿನವಳ ತೋಳಿನ ಬಟ್ಟೆ ರೋಲರಿಗೆ ಸಿಕ್ಕಿಕೊಂಡಿತು. ಕೂಗಿ ಪ್ರಯೋಜನವಿಲ್ಲವೆಂದು ಇವಳು ಎರಡು ಬೆರಳು ಬಾಯಿಗಿಟ್ಟು ಒಂದು ಸೀಟಿ ಹೊಡೆದಳು ನೋಡಿ, ಇಡೀ ಶೆಡ್ಡೇ ತಿರುಗಿತು. ಸ್ವಿಚ್ಚಿನ ಬಳಿ ನಿಂತಿದ್ದವನ ಕೈ ತಾನಾಗಿ ಕೆಳಗಿಳಿಯಿತು. ಎದುರಿನವಳ ತೋಳು ಉಳಿಯಿತು.

ಸಂಜೆ ಮೇಲ್ವಿಚಾರಕ ಕರೆಸಿದ. "ಹೆಣ್ಮಕ್ಕಳು ಸೀಟಿ ಹೊಡೀತಾರೇನಮ್ಮ?"

"ಇಷ್ಟು ದಿನ ಹೊಡೀತಿರಲಿಲ್ಲ ಸಾರ್. ಇನ್ಮೇಲೆ ಹೊಡೀತಾರೆ."

ಅಲ್ಲಿಂದ ಹಿಡಿದು ಅವಳು ಮೆಟ್ಟಿಲು ಹತ್ತಿದ್ದು ಹೀಗೇ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುತ್ತ. ಪ್ಯಾಕಿಂಗಿನಿಂದ ಯಂತ್ರಕ್ಕೆ, ಯಂತ್ರದಿಂದ ಲೈನ್ ಲೀಡರ್ ಕುರ್ಚಿಗೆ. ಆಮೇಲೆ ಸಂಜೆ ಕಾಲೇಜಿನಲ್ಲಿ ಓದಿ ಡಿಪ್ಲೊಮಾ ತೆಗೆದುಕೊಂಡು ತರಬೇತಿ ವಿಭಾಗದ ಮುಖ್ಯಸ್ಥೆಯೂ ಆದಳು. ಅವಳು ಓದುತ್ತಿದ್ದ ವರ್ಷಗಳಲ್ಲಿ ಮನೆಯ ಒಲೆ ಹಚ್ಚಿದವರು, ಮಗಳ ತಲೆ ಬಾಚಿದವರು, ಜ್ವರ ಬಂದರೆ ಮಡಿಲಲ್ಲಿ ಹಾಕಿಕೊಂಡು ಕೂತವರು ಅತ್ತೆ. ಡಿಪ್ಲೊಮಾದ ಕಾಗದದ ಮೇಲೆ ಅದನ್ನು ಯಾರೂ ಬರೆಯಲಿಲ್ಲ. ಬರೆಯಬೇಕು ಅಂತ ಸೀಟಿಗೂ ಆಗ ತೋಚಿರಲಿಲ್ಲ.

ಕಾರ್ಖಾನೆಯಲ್ಲಿ ಅವಳು ಹುಟ್ಟುಹಾಕಿದ ಒಂದು ಪದ್ಧತಿ ಇತ್ತು. ಹೆಂಗಸರು ಅದನ್ನು 'ಜೊತೆ ನಿಲ್ಲೋದು' ಅನ್ನುತ್ತಿದ್ದರು. ಒಂದು ಮಳೆಗಾಲದಲ್ಲಿ ತೇವಕ್ಕೆ ಬಟ್ಟೆಯ ಪಟ್ಟಿ ಉಬ್ಬಿಕೊಂಡಿತು ಅಂತ ಬೆಳಗಿನ ಪಾಳಿಯವಳು ಯಂತ್ರದ ಬಿಗಿ ಸಡಿಲಿಸಿ ಮನೆಗೆ ಹೋಗಿದ್ದಳು. ಮಧ್ಯಾಹ್ನ ಬಂದವಳಿಗೆ ಅದು ಗೊತ್ತಿರಲಿಲ್ಲ. ಸಡಿಲವಾಗಿದೆಯಲ್ಲ ಅಂತ ಮತ್ತೆ ಬಿಗಿ ಮಾಡಿದಳು. ಶಾಲೆಯ ಚೀಲಗಳಿಗೆ ಹೋದ ಜಿಪ್ಪುಗಳೆಲ್ಲ ಅರ್ಧಕ್ಕೆ ಬಂದು ಕಚ್ಚಿಕೊಂಡು ನಿಂತವು. ಇಡೀ ಸರಕು ವಾಪಸು ಬಂತು. ಆಗ ಲೀಡರ್ ಆಗಿದ್ದ ಸೀಟಿ ಹೆಂಗಸರನ್ನು ಊಟದ ಕೋಣೆಯಲ್ಲಿ ಕೂರಿಸಿಕೊಂಡು, "ಬರೋರು ಒಂದು ಕಾಲು ಗಂಟೆ ಮುಂಚೆ ಬನ್ನಿ. ಹೋಗೋರ ಪಕ್ಕ ನಿಲ್ಲಿ. ಯಂತ್ರ ಇವತ್ತು ಹೇಗಿದೆ ಅಂತ ಅವರು ಹೇಳ್ಲಿ, ನೀವು ಕೈಯಲ್ಲಿ ಮುಟ್ಟಿ ನೋಡಿ," ಅಂದಿದ್ದಳು.

ಬಂದರು. ನಿಂತರು. ಅದು ಅಭ್ಯಾಸವಾಯಿತು. "ಈ ಮೂದೇವಿಗೆ ಇವತ್ತು ಮುನಿಸು ಕಣೆ, ಪಟ್ಟಿ ಎಳೀಬೇಡ." "ಎಡಗಡೆ ರೋಲರ್ ಬೆಳಿಗ್ಗೆಯಿಂದ ನಮ್ಮತ್ತೆ ಥರ ಗೊಣಗ್ತಿದೆ, ಒಂದು ಹನಿ ಎಣ್ಣೆ ಬಿಡು." ಯಂತ್ರದ ಸುದ್ದಿಯ ನಡುವೆ ಮನೆಯ ಸುದ್ದಿಯೂ ಬದಲಾಗುತ್ತಿತ್ತು. ಕೆಟ್ಟು ಎಸೆಯುವ ಮಾಲು ಬೇರೆ ಯಾವ ಜಿಪ್ ಕಂಪನಿಗಿಂತಲೂ ಕಡಿಮೆಯಾಯಿತು. ದೊಡ್ಡ ಸಾಹೇಬರು, ಅಂದರೆ ಕಂಪನಿಯ ಚೇರ್ಮನ್ನರು, ಸಭೆಗಳಲ್ಲಿ 'ನಮ್ಮ ಪದ್ಧತಿ' ಅಂತ ಎದೆ ತಟ್ಟಿಕೊಳ್ಳತೊಡಗಿದರು. ಆ ಕಾಲು ಗಂಟೆಗೆ ಸಂಬಳವಿರಲಿಲ್ಲ. ಕೇಳಿದವರೂ ಇರಲಿಲ್ಲ.

ಲಾಭ ಬಂದ ಕಂಪನಿಗೆ ಕಾಲು ನಿಲ್ಲುವುದಿಲ್ಲ. ದೊಡ್ಡ ಸಾಹೇಬರು ಹೊರದೇಶದಲ್ಲಿ ಒಂದು ಕಾರ್ಖಾನೆ ಕೊಂಡರು. ಅದು ಮೊದಮೊದಲು ಬರೀ ನುಂಗಿತು. ವಕೀಲರು, ದುಭಾಷಿಗಳು, ಹಡಗಿನ ಬಾಡಿಗೆ, ಅಲ್ಲಿನ ಕಾನೂನು ಕಲಿಯಲು ಹಿಡಿದ ಕಾಲ ಎಲ್ಲ ಸೇರಿ ಮನೆಯ ಲಾಭವನ್ನೂ ತಿಂದಿತು. ವರ್ಷಗಳು ಕಳೆದ ಮೇಲೆ ತನ್ನ ಕಾಲ ಮೇಲೆ ನಿಂತು ದುಡಿಯತೊಡಗಿತು. ಅದರ ಖುಷಿ ಇನ್ನೂ ಆರಿರಲಿಲ್ಲ, ಸಾಹೇಬರು ಇನ್ನೊಂದು ದೇಶದಲ್ಲಿ ಇನ್ನೊಂದು ಕೊಂಡರು. ಅದು ಮಾತ್ರ ಏಳಲೇ ಇಲ್ಲ. ಇಲ್ಲಿಂದಲೇ ಹೋದ ಯಂತ್ರ, ಇದೇ ಪಟ್ಟಿ, ಇದೇ ಎಣ್ಣೆ, ಆದರೂ ಕೆಟ್ಟ ಮಾಲಿನ ರಾಶಿ. ಒಟ್ಟು ಮಾರಾಟ ಏರುತ್ತಿತ್ತು, ಲಾಭ ಇಳಿಯುತ್ತಿತ್ತು. ಅದನ್ನು ಎತ್ತಲು ಇಲ್ಲಿನ ಒಳ್ಳೊಳ್ಳೆಯ ಇಂಜಿನಿಯರುಗಳನ್ನು ಕಳಿಸಿ ಇಲ್ಲೂ ಕೈ ಬರಿದಾಯಿತು.

ಒಂದು ದಿನ ಸಾಹೇಬರು ಸೀಟಿಯನ್ನು ತಮ್ಮ ಕೋಣೆಗೆ ಕರೆಸಿದರು. "ಅಲ್ಲಿನ ಜನಕ್ಕೆ ನಮ್ಮ ಜೊತೆ ನಿಲ್ಲೋದು ಬರ್ತಿಲ್ಲಮ್ಮ. ಇಂಜಿನಿಯರ್‌ಗಳು ಹೇಳಿ ಹೇಳಿ ಸಾಕಾದ್ರು. ನೀನು ಹೋಗು. ಆರು ತಿಂಗಳು. ಎದ್ದು ನಿಂತ್ರೆ ಆ ಕಾರ್ಖಾನೆಗೆ ನೀನೇ ಮುಖ್ಯಸ್ಥೆ. ಏಳದಿದ್ರೆ ವರ್ಷದ ಕೊನೆಗೆ ಬೀಗ."

ಪ್ಯಾಕಿಂಗಿನಿಂದ ಬಂದ ಯಾವ ಹೆಂಗಸೂ, ಅಷ್ಟೇಕೆ ಯಾವ ಗಂಡಸೂ, ಕಾರ್ಖಾನೆಯ ಮುಖ್ಯಸ್ಥರಾಗಿರಲಿಲ್ಲ. ಸೀಟಿ ಎರಡು ಸಲ ಕೇಳಿಸಿಕೊಳ್ಳಲಿಲ್ಲ. "ಹೋಗ್ತೀನಿ ಸಾರ್. ಎದ್ದು ನಿಲ್ಲುತ್ತೆ."

ಅವಳ ಗಂಡ ನೀರು ಸರಬರಾಜು ಕಚೇರಿಯ ಗುಮಾಸ್ತ. ಒಳ್ಳೆಯವನೇ. ಆದರೆ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಮದುವೆಯಾದ ಇಷ್ಟು ವರ್ಷದಲ್ಲಿ ಅವನಿಗೆ ಗೊತ್ತಾಗಿರಲಿಲ್ಲ.

"ಹೋಗು, ಧೈರ್ಯವಾಗಿ ಹೋಗು," ಅಂದ. "ಮನೆ ನಾನು ನೋಡ್ಕೋತೀನಿ." ಅಂದವನು ಅಂಗಳಕ್ಕೆ ಹೋಗಿ ಮಾಡಿದ ಮೊದಲ ಕೆಲಸವೆಂದರೆ ತಂಗಿಗೆ ಫೋನು.

ಅತ್ತೆ ಈಗ ಇರಲಿಲ್ಲ. ನಾದಿನಿ ಎರಡು ಬೀದಿ ಆಚೆ ಒಂಟಿಯಾಗಿ ಇದ್ದವಳು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರವಿಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಕೈ ಚೆನ್ನಾಗಿತ್ತು, ಬಾಯಿ ಅದಕ್ಕಿಂತ ಚೆನ್ನಾಗಿತ್ತು. ಎರಡು ಚೀಲ ಹಿಡಿದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಣ್ಣ ಮನೆ ನೋಡ್ಕೋತಾನಂತೆ, ಅವನು ನೋಡೋಕೆ ಬೇಕಾದ ಮನೆ ನಾನು ಮಾಡಿಡ್ಬೇಕಂತೆ. ಹೋಗಿ ಬನ್ನಿ ಅತ್ತಿಗೆ. ಬರ್ತಾ ನಂಗೊಂದು ಒಳ್ಳೆ ಕತ್ತರಿ ತನ್ನಿ."

ಸೀಟಿ ನಕ್ಕು ಅವಳ ಗಲ್ಲ ಹಿಂಡಿ ವಿಮಾನ ಹತ್ತಿದಳು.

ಹೊರದೇಶದ ಶೆಡ್ಡು ಇಲ್ಲಿನದರ ಪಡಿಯಚ್ಚು. ಅದೇ ಹಸಿರು ಬಣ್ಣ, ಅದೇ ಎಣ್ಣೆಯ ವಾಸನೆ. ಗೋಡೆಯ ಗಡಿಯಾರದ ಮುಳ್ಳು ಪಾಳಿ ಮುಗಿಯುವ ಗೆರೆ ಮುಟ್ಟುತ್ತಿದ್ದಂತೆ ಹೆಂಗಸರು ಮಾತ್ರ ಹಕ್ಕಿ ಹಾರಿದಂತೆ ಹೊರಟುಬಿಡುತ್ತಿದ್ದರು. ಹೊಸ ಪಾಳಿಯವರು ಬಂದು ನಿಲ್ಲುವ ಹೊತ್ತಿಗೆ ಯಂತ್ರದ ಮುಂದೆ ಯಾರೂ ಇರುತ್ತಿರಲಿಲ್ಲ. ಲೈನ್ ಲೀಡರ್ ಒಬ್ಬಳಿದ್ದಳು. ಬಿಸಿಲಿರಲಿ ಚಳಿಯಿರಲಿ ಕೆಂಪು ಬೂಟು ಹಾಕಿಕೊಂಡೇ ಬರುತ್ತಿದ್ದ ಗಟ್ಟಿಗಿತ್ತಿ, ಅವಳಿ ಮಕ್ಕಳ ತಾಯಿ. ದುಭಾಷಿ ಹುಡುಗಿಯನ್ನು ಪಕ್ಕಕ್ಕಿಟ್ಟುಕೊಂಡು ಸೀಟಿ ಎಲ್ಲರಿಗೂ ತನ್ನ ಪದ್ಧತಿ ವಿವರಿಸಿದಳು. ಮಳೆಗಾಲದ ಕತೆ ಹೇಳಿದಳು, ಶಾಲೆಯ ಚೀಲದ ಕತೆ ಹೇಳಿದಳು. ಹೆಂಗಸರು ತಲೆಯಾಡಿಸಿದರು, ನಕ್ಕರು. ಕೆಂಪು ಬೂಟಿನವಳು ಕೈಯೆತ್ತಿ ಏನೋ ಕೇಳಿದಳು. ದುಭಾಷಿ ಹುಡುಗಿ ಸ್ವಲ್ಪ ಹಿಂಜರಿದೇ ಹೇಳಿದಳು:

"ಇದು ತುಂಬಾ ಒಳ್ಳೇದು, ಬೇಕಾಗಿರೋದೇ ಅಂತಾರೆ ಮೇಡಂ. ಆ ಕಾಲು ಗಂಟೆಗೆ ಸಂಬಳ ಯಾರು ಕೊಡ್ತಾರೆ ಅಂತ ಕೇಳ್ತಿದ್ದಾರೆ."

"ಸಂಬಳದ ಮಾತಲ್ಲ ಅನ್ನು. ನಮ್ಮ ಕಾರ್ಖಾನೆ ಅನ್ನೋ ಅಭಿಮಾನ. ನಮ್ಮಲ್ಲಿ ಯಾರೂ ಕೇಳಿಲ್ಲ."

ಹುಡುಗಿ ಅದನ್ನು ಆ ಭಾಷೆಗೆ ತಿರುಗಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸ ಮೇಡಮ್ಮಿಗೆ ಮುಖಭಂಗ ಬೇಡವೆಂದೋ ಏನೋ ಕೆಲವು ದಿನ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು.

ಸೀಟಿಗೆ ಹಟ ಬಂತು. ತಾನೇ ನಿಲ್ಲತೊಡಗಿದಳು. ಪಾಳಿ ಮುಗಿಯುವ ಮೊದಲೇ ಯಂತ್ರದಿಂದ ಯಂತ್ರಕ್ಕೆ ಓಡಿ, ಕೆಲಸ ನಡೆಯುತ್ತಿದ್ದಂತೆಯೇ ಸುದ್ದಿ ಕೇಳಿಕೊಂಡು, ಬಂದವರಿಗೆಲ್ಲ ಅದನ್ನು ಹಂಚುತ್ತಿದ್ದಳು. ಕಾಲು ಬಾತುಕೊಂಡಿತು, ಕೆಟ್ಟ ಮಾಲು ಇಳಿಯಿತು. ಊರಿನಿಂದ ಸಾಹೇಬರು ಫೋನಿನಲ್ಲೇ ಬೆನ್ನು ತಟ್ಟಿದರು. ಅವಳಿಗೆ ಗೆದ್ದಂತೆಯೇ ಅನ್ನಿಸಿತು.

ಕೆಂಪು ಬೂಟಿನವಳು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಬಂದು ಕೂತಳು. "ಚೆನ್ನಾಗಿ ಓಡ್ತೀರಿ," ಅಂತ ಹುಡುಗಿಯ ಬಾಯಲ್ಲಿ ಹೇಳಿಸಿದಳು. "ನೀವು ಊರಿಗೆ ಹೋದ ಮೇಲೆ ಯಾರು ಓಡ್ತಾರೆ?"

ಸೀಟಿ ಬಾತ ಕಾಲನ್ನು ಚಪ್ಪಲಿಯಿಂದ ಹೊರಗೆಳೆದು ನೀವಿಕೊಂಡಳು.

"ಇವತ್ತು ನನ್ನ ಜೊತೆ ಬನ್ನಿ," ಅಂದಳು ಕೆಂಪು ಬೂಟಿನವಳು.

ಮೂವರೂ ಹೊರಟರು. ಕೆಂಪು ಬೂಟು ನಡೆಯುತ್ತಿರಲಿಲ್ಲ, ಓಡುತ್ತಿತ್ತು. ಎರಡು ರಸ್ತೆ, ಒಂದು ಸೇತುವೆ, ಇಳಿಜಾರು, ಅದರ ತುದಿಯಲ್ಲಿ ಒಂದು ಶಿಶುವಿಹಾರ. ಒಳಗೆ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿಯಾಗಿತ್ತು. ಕೋಟು ತೊಟ್ಟು ಕೈಚೀಲ ಹೆಗಲಿಗೆ ಹಾಕಿಕೊಂಡ ಟೀಚರು, ಅವಳಿ ಮಕ್ಕಳ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕೆಂಪು ಬೂಟಿನವಳು ಮಕ್ಕಳನ್ನು ತೆಗೆದುಕೊಂಡದ್ದೇ ತಡ, ಟೀಚರು ಬಾಗಿಲಿಗೆ ಬೀಗ ಹಾಕಿ ಬಸ್ಸಿನ ಕಡೆ ಓಡಿದಳು.

"ನೋಡಿದ್ರಾ? ನಾನು ನಿಮ್ಮ ಯಂತ್ರದ ಹತ್ತಿರ ನಿಂತ್ರೆ ಆಕೆ ಇಲ್ಲಿ ನಿಲ್ಬೇಕು. ಆಕೆ ನಿಂತ್ರೆ ಅವಳ ಮಕ್ಕಳ ಹತ್ತಿರ ಇನ್ಯಾರೋ ನಿಲ್ಬೇಕು. ಎಲ್ಲಾ ಪುಕ್ಕಟೆ. ನಿಮ್ಮೂರಲ್ಲಿ ಹೆಂಗಸರು ನಿಲ್ತಾರೆ ಅಂದ್ರಲ್ಲ, ಅವರ ಮಕ್ಕಳ ಹತ್ತಿರ ಯಾರಿರ್ತಾರೆ?"

ಸೀಟಿ ಹೇಳಹೊರಟಳು. ಅತ್ತೆ ಇರ್ತಾರೆ. ಅಕ್ಕ ಇರ್ತಾಳೆ. ಪಕ್ಕದ ಮನೆಯವರು. ಇನ್ನೂ ಶಾಲೆಗೆ ಹೋಗುವ ದೊಡ್ಡ ಮಗಳು. ಹೇಳುತ್ತ ಹೇಳುತ್ತ ಅವಳ ಮಾತು ತಾನಾಗಿ ನಿಧಾನವಾಯಿತು. ದುಭಾಷಿ ಹುಡುಗಿ ಇನ್ನೂ ಏನಾದರೂ ಇದೆಯೇ ಅಂತ ಅವಳ ಮುಖವನ್ನೇ ನೋಡುತ್ತಿದ್ದಳು.

ಭಾನುವಾರ ಮನೆಗೆ ಫೋನು ಮಾಡಿದಾಗ ನಾದಿನಿಯೇ ಎತ್ತಿದಳು. ಹಿಂದೆ ಕುಕ್ಕರು ಕೂಗುತ್ತಿತ್ತು. ಗಂಡನ ದನಿ, "ಟವಲ್ ಎಲ್ಲೇ?" ಅಂತ ಕೇಳಿಸಿತು.

"ನಿನ್ನ ತಲೆ ಮೇಲಿದೆ ಅಣ್ಣಾ!" ಅಂತ ಕೂಗಿ, "ಹೇಳಿ ಅತ್ತಿಗೆ. ಎದ್ದು ನಿಲ್ತಾ ನಿಮ್ಮ ಕಾರ್ಖಾನೆ?" ಅಂದಳು.

"ಏಳ್ತಿದೆ. ನಿನ್ನ ಹೊಲಿಗೆ ಹೇಗಿದೆ?"

"ಹೊಲಿಗೆನಾ? ಯಂತ್ರಕ್ಕೆ ಬಟ್ಟೆ ಹೊದಿಸಿ ಬಂದಿದ್ದೀನಲ್ಲ. ಮದುವೆ ಬಟ್ಟೆ ಹೊಲಿಸ್ತಿದ್ದವರೆಲ್ಲ ಮುಖ್ಯರಸ್ತೆ ಅಂಗಡಿಗೆ ಹೋದ್ರು. ವಾಪಸ್ ಬರ್ತಾರೋ ಇಲ್ವೋ. ಅಲ್ಲ ಅತ್ತಿಗೆ, ನಿಮ್ಮ ಕಂಪನಿಯವರಿಗೆ ಹೇಳಿ, ಇಲ್ಲೂ ಒಂದು ಶಾಖೆ ಇದೆ ಅಂತ. ಒಬ್ಬಳೇ ಕೆಲಸದವಳು, ಮೂರೂ ಪಾಳಿ ಅವಳದೇ!" ಅಂತ ತಾನೇ ಗಹಗಹಿಸಿ ನಕ್ಕಳು.

ಸೀಟಿ ನಗಲಿಲ್ಲ. ತಪ್ಪು ಎಲ್ಲಿದೆ ಅಂತ ಅವಳಿಗೆ ಈಗ ಕಾಣುತ್ತಿತ್ತು. ಕಂಪನಿ ಯಂತ್ರಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿ ಹಡಗಿಗೇರಿಸಿತ್ತು, ಪದ್ಧತಿಯನ್ನು ಅವಳ ತಲೆಯಲ್ಲಿ ತುಂಬಿ ವಿಮಾನ ಹತ್ತಿಸಿತ್ತು. ಆ ಪದ್ಧತಿಯನ್ನು ಕೆಳಗಿನಿಂದ ಹೊತ್ತು ನಿಂತಿದ್ದ ಅತ್ತೆ, ಅಕ್ಕ, ನಾದಿನಿಯರು ಮಾತ್ರ ಹಿಂದೆಯೇ ಉಳಿದಿದ್ದರು. ಅವರು ಇದ್ದರೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಸಾಲಿನಲ್ಲಿ ಮೊದಲು ನಿಂತಿದ್ದವಳು ತಾನೇ. ಅದಕ್ಕಾಗಿ ಅವಳು ಅಳುತ್ತ ಕೂರಲಿಲ್ಲ. ಅಂಥ ಜಾಯಮಾನ ಅವಳದಲ್ಲ. ಮಾರನೆಯ ದಿನವೇ ಸಾಹೇಬರಿಗೆ ಹೇಳಿ ಕಳಿಸಿ, ಪರಿಶೀಲನಾ ಸಭೆಗೆ ಊರಿಗೆ ಬಂದಳು.

ಸಭೆಯ ಕೋಣೆಯಲ್ಲಿ ಸಾಹೇಬರಿದ್ದರು, ಹಣಕಾಸು ವಿಭಾಗದ ಮೇಡಂ ಇದ್ದರು. ಮೇಡಂ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಮಾತು ಕಡಿಮೆ, ಆಡಿದ ಮಾತು ಬಿಗಿ.

"ಪಾಳಿ ಒಳಗೇ ಕಾಲು ಗಂಟೆ ಸೇರಿಸ್ಬೇಕು ಸಾರ್," ಅಂದಳು ಸೀಟಿ. "ಬರೋ ಪಾಳಿ, ಹೋಗೋ ಪಾಳಿ ಎರಡೂ ಒಂದರ ಮೇಲೊಂದು ಬರೋ ಹಾಗೆ. ಸಂಬಳದ ಸಮೇತ."

"ಆಯ್ತು, ಅಲ್ಲಿಗೆ ಕೊಡೋಣ," ಅಂದರು ಸಾಹೇಬರು, ಸುಲಭವಾಗಿಯೇ. "ಅಲ್ಲಿನ ಕಾನೂನೂ ಹಾಗೇ ಇದೆ."

"ಇಲ್ಲಿಗೂ ಸಾರ್."

ಸಾಹೇಬರ ಕೈಯಲ್ಲಿದ್ದ ಚಹಾದ ಕಪ್ಪು ತಟ್ಟೆಗಿಳಿಯಿತು. "ಇಲ್ಲಿ ಯಾರು ಕೇಳಿದ್ರಮ್ಮ?"

"ನಾನು ಕೇಳ್ತಿದ್ದೀನಿ. ನಿಲ್ಲಿಸಿದೋಳು ನಾನು, ಕೇಳ್ಬೇಕಾದೋಳೂ ನಾನೇ."

ಹಣಕಾಸು ಮೇಡಂ ಬಾಯಿಬಿಟ್ಟರು. "ಹೊರಗಿನ ಎರಡು ಕಾರ್ಖಾನೆ ನಷ್ಟ ಮಾಡಿದಾಗೆಲ್ಲ ತಡ್ಕೊಂಡಿದ್ದು ಇಲ್ಲಿನ ಲಾಭ. ಅದನ್ನೇ ಕೊರೆದ್ರೆ ಮೂರೂ ಮುಳುಗೋ ಅಪಾಯ ಇದೆ. ನಾನು ಹೆದರಿಸ್ತಿಲ್ಲ, ನಿಜ ಹೇಳ್ತಿದ್ದೀನಿ."

ಅದು ನಿಜವೆಂದು ಸೀಟಿಗೂ ಗೊತ್ತಿತ್ತು. "ನಿಜ ಮೇಡಂ. ಮೊದಲು ಇಳಿಯುತ್ತೆ. ಮೊದಲ ಕಾರ್ಖಾನೆ ಕೊಂಡಾಗಲೂ ಇಳೀತು, ನೀವು ಕಾದ್ರಿ, ಆಮೇಲೆ ಏರ್ತು. ಆದ್ರೆ ಇಲ್ಲಿನ ಲಾಭ ನೋಡಿ ಅಲ್ಲೂ ಇಷ್ಟೇ ಬರುತ್ತೆ ಅಂದ್ಕೊಂಡ್ವಲ್ಲ, ಅಲ್ಲೇ ನಾವು ಎಡವಿದ್ದು. ಇಲ್ಲಿನ ಲಾಭ ಪೂರ್ತಿ ನಮ್ಮದಲ್ಲ. ಅದರಲ್ಲಿ ಎಷ್ಟೋ ಅತ್ತೆಯರದ್ದು, ನಾದಿನಿಯರದ್ದು ಸೇರಿದೆ. ಅವರು ನಮ್ಮ ಜೊತೆ ಬೇರೆ ದೇಶಕ್ಕೆ ಬರಲ್ಲ. ನಾಳೆ ನೀವು ನಾಲ್ಕನೇ ಕಾರ್ಖಾನೆ ಕೊಳ್ತೀರಿ, ಅಲ್ಲೂ ಇದೇ ಕತೆ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಒಂದು ಮಗುವಿತ್ತು, ಅದನ್ನೂ ಮನೆಯಲ್ಲಿ ಯಾರೋ ನೋಡಿಕೊಳ್ಳುತ್ತಿದ್ದಿರಬೇಕು. ಅದನ್ನು ಅವರು ಹೇಳಲಿಲ್ಲ, ಸೀಟಿಯೂ ಕೇಳಲಿಲ್ಲ.

"ಅಲ್ಲಿ ಮೊದಲು ಮಾಡಿ ನೋಡೋಣ," ಸಾಹೇಬರು ವ್ಯಾಪಾರಕ್ಕಿಳಿದರು. "ಫಲ ಕಂಡ್ರೆ ಇಲ್ಲಿ. ಮುಖ್ಯಸ್ಥೆಯ ಕಾಗದಕ್ಕೆ ಇವತ್ತೇ ಸಹಿ ಹಾಕ್ತೀನಿ. ಸಂತೋಷನಾ?"

ಅವಳಿಗೆ ಬೇಕಾದದ್ದು ಮೇಜಿನ ಆಚೆಗೆ, ಕೈಗೆಟುಕುವಷ್ಟು ದೂರದಲ್ಲಿತ್ತು. ಹೂಂ ಅಂದರೆ ಮುಗಿಯಿತು. ಸೀಟಿ ಒಂದು ಗುಟುಕು ನೀರು ಕುಡಿದಳು.

"ಎರಡೂ ಕಡೆ ಒಂದೇ ದಿನದಿಂದ ಸಾರ್. ಇಲ್ಲದಿದ್ರೆ ಆ ಕುರ್ಚಿ ಬೇರೆಯವರಿಗೆ ಕೊಡಿ. ನಾನು ನಾಳೆಯಿಂದ ತರಬೇತಿ ಕೋಣೆಗೇ ಹೋಗ್ತೀನಿ. ಆದ್ರೆ ಇಲ್ಲಿನ ಹೆಂಗಸರಿಗೆ ಪುಕ್ಕಟೆ ನಿಲ್ಲಿ ಅಂತ ನನ್ನ ಬಾಯಲ್ಲಿ ಇನ್ನು ಬರಲ್ಲ. ಯಾಕೆ ಬರಲ್ಲ ಅಂತ ಕೇಳಿದ್ರೆ ಅದನ್ನೂ ಅವರಿಗೆ ಹೇಳ್ತೀನಿ."

"ಹೆದರಿಸ್ತೀಯಾ?"

"ಇಲ್ಲ ಸಾರ್. ಮೇಡಂ ಥರ, ನಿಜ ಹೇಳ್ತಿದ್ದೀನಿ."

ಮೇಡಂ ತುಟಿಯಂಚಿನಲ್ಲಿ ನಕ್ಕದ್ದು ಸಾಹೇಬರಿಗೆ ಕಾಣಿಸಿತು. ಅವರು ಸಿಟ್ಟಿನಿಂದ ಎದ್ದು ಕಿಟಕಿಯ ಬಳಿ ಹೋದರು, ಬಂದರು, ಮತ್ತೆ ಹೋದರು. "ಹತ್ತು ನಿಮಿಷ," ಅಂದರು ಕೊನೆಗೆ. "ಕಾಲು ಗಂಟೆ ಕೊಡೋಕಾಗಲ್ಲ."

"ಹತ್ತಾದ್ರೆ ಹತ್ತು. ಯಂತ್ರದ ಸುದ್ದಿಗೆ ಅಷ್ಟು ಸಾಕು. ಮನೆ ಸುದ್ದಿ ಊಟದ ಹೊತ್ತಲ್ಲಿ ಆಡ್ಕೋತಾರೆ."

ಸಹಿ ಬಿತ್ತು.

ಆ ಸಂಜೆ ಅವಳು ಮನೆಯ ವಿಷಯಕ್ಕೂ ಕೈ ಹಾಕಿದಳು. ಈ ಸಲ ಆರು ತಿಂಗಳಲ್ಲ, ಕನಿಷ್ಠ ಎರಡು ವರ್ಷ. ಊಟದ ಮೇಜಿನ ಮುಂದೆ ಗಂಡ, ಮಗಳು, ನಾದಿನಿ ಎಲ್ಲರೂ ಇದ್ದರು.

"ಇವಳು ನಾಳೆ ತನ್ನ ಮನೆಗೆ ಹೋಗ್ತಾಳೆ," ಅಂದಳು ನಾದಿನಿಯನ್ನು ತೋರಿಸಿ. "ಹೊಲಿಗೆ ಶುರು ಮಾಡ್ತಾಳೆ."

"ಮತ್ತೆ ಇಲ್ಲಿ?" ಗಂಡ ತುತ್ತು ಕೈಯಲ್ಲೇ ಹಿಡಿದು ಕೇಳಿದ.

"ನೀವು ನೋಡ್ಕೋತೀನಿ ಅಂದಿದ್ರಲ್ಲ. ನೋಡ್ಕೊಳ್ಳಿ."

"ಅಣ್ಣಾ, ಹೆದರ್ಬೇಡ," ನಾದಿನಿ ಅವನ ಬೆನ್ನು ತಟ್ಟಿದಳು. "ನಾಳೆ ಬೆಳಿಗ್ಗೆ ಒಲೆ ಹತ್ತಿರ ನಿನ್ನ ಪಕ್ಕ ನಿಂತು ಎಲ್ಲಾ ಹೇಳ್ಕೊಟ್ಟು ಹೋಗ್ತೀನಿ. ಗಂಟೆಗಿಷ್ಟು ಅಂತ ಚಾರ್ಜು."

ಮಗಳು ಕಿಸಕ್ಕನೆ ನಕ್ಕಳು. "ನೀನೂ ಕಲಿ," ಅಂದಳು ಸೀಟಿ ಅವಳಿಗೆ, "ಆದ್ರೆ ಅಪ್ಪನ ಪಾಲಿನದು ಮಾಡ್ಬೇಡ." ಗಂಡ ಮೊದಲ ವಾರ ಅನ್ನ ಸೀಯಿಸಿದ, ಎರಡನೆಯ ವಾರ ಸ್ವಲ್ಪ ಕಡಿಮೆ ಸೀಯಿಸಿದ. ಕಚೇರಿಯಲ್ಲಿ ಆ ಬಗ್ಗೆ ದೊಡ್ಡ ತ್ಯಾಗಿಯ ಹಾಗೆ ಮಾತಾಡಿದನೆಂದೂ ಕೇಳಿಬಂತು. ಮಾತಾಡಲಿ ಬಿಡು ಅಂದಳು ಸೀಟಿ.

ಹೊಸ ಏರ್ಪಾಡು ಎರಡೂ ಕಡೆ ಶುರುವಾದ ಮೇಲೆ ಲಾಭ ಇಳಿಯಿತು, ಅವಳು ಹೇಳಿದ ಹಾಗೆಯೇ. ಹಣಕಾಸು ಮೇಡಂ ಪ್ರತಿ ತಿಂಗಳೂ ಫೋನು ಮಾಡಿ ಬಿಗಿ ದನಿಯಲ್ಲಿ ವಿಚಾರಿಸಿಕೊಂಡರು. ಆಮೇಲೆ ಅಲ್ಲಿ ಕೆಟ್ಟ ಮಾಲಿನ ರಾಶಿ ಕರಗುತ್ತ ಬಂತು. ಕೆಂಪು ಬೂಟಿನವಳು ಪಾಳಿ ಬದಲಾಗುವಾಗ ಯಂತ್ರದ ಪಕ್ಕ ನಿಂತು ಬಾಯ್ತುಂಬ ಸುದ್ದಿ ಹೇಳಿ, ಅವಸರವಿಲ್ಲದೆ ಸೇತುವೆ ದಾಟತೊಡಗಿದಳು. ವರ್ಷದ ಕೊನೆಗೆ ಬೀಗ ಬೀಳಲಿಲ್ಲ. ಸಾಹೇಬರು ಸಭೆಗಳಲ್ಲಿ ಮತ್ತೆ 'ನಮ್ಮ ಪದ್ಧತಿ' ಅನ್ನತೊಡಗಿದರು. ಸೀಟಿ ಎದುರಿಗೆ ಕೂತಿದ್ದರೆ ಮಾತ್ರ 'ಇವರ ಪದ್ಧತಿ' ಅನ್ನುತ್ತಿದ್ದರು.

ರಜೆಗೆ ಬಂದಾಗ ಒಂದು ಬೆಳಿಗ್ಗೆ ಅವಳು ಹಳೆಯ ಕಾರ್ಖಾನೆಗೆ ಹೋದಳು. ಗೇಟಿನ ಬಳಿ ಜಗಳ ನಡೆಯುತ್ತಿತ್ತು. ಯಂತ್ರದ ಸಾಲಿನ ಹಿರಿಯಾಕೆ, ಎಲ್ಲರೂ ಅಜ್ಜಿ ಅನ್ನುವವಳು, ಹಳೆಯ ಅಭ್ಯಾಸದಂತೆ ಮುಂಚೆಯೇ ಬಂದಿದ್ದಳು. ಗೇಟಿನವನು ಬಿಡುತ್ತಿರಲಿಲ್ಲ.

"ಅಜ್ಜಿ, ನಿಮ್ಮ ಪಾಳಿ ಇನ್ನೂ ಶುರುವಾಗಿಲ್ಲ. ಒಳಗೆ ಬಿಟ್ರೆ ನಂಗೆ ಬೈಗುಳ. ಹೊಸ ನಿಯಮ, ಪುಕ್ಕಟೆ ಯಾರೂ ನಿಲ್ಲಬಾರದಂತೆ."

"ನಿಯಮ ಅಂತೆ ನಿಯಮ. ಇಷ್ಟು ವರ್ಷ ಬಂದಿದ್ದೀನಿ, ಒಂದಿನ ತಡೆದವರಿಲ್ಲ! ಯಾರು ಮಾಡಿದ್ರೋ ಈ ನಿಯಮ?"

"ನಾನೇ ಅಜ್ಜಿ," ಅಂದಳು ಸೀಟಿ ಹಿಂದಿನಿಂದ.

ಅಜ್ಜಿ ತಿರುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬಂದ್ಯಾ ತಾಯಿ. ಮುಖ್ಯಸ್ಥೆ ಆದೆ, ಸರಿ. ಈಗ ಹೇಳು, ಈ ಕಾಲು ಗಂಟೆ ಇಟ್ಕೊಂಡು ನಾನೇನು ಮಾಡ್ಲಿ?"

"ಮನೇಲಿ ಆರಾಮಾಗಿ ಇದ್ದು ಬನ್ನಿ."

"ಮನೇಲಾ? ಕಾಲು ಗಂಟೆ ಮನೇಲಿ ಕೂತಿದ್ದು ಕಂಡ್ರೆ ಇನ್ನೊಂದು ಹೊರೆ ಪಾತ್ರೆ ಮುಂದಿಡ್ತಾರೆ. ನಂಗೆ ಬುದ್ಧಿ ಇಲ್ವಾ?"

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಅಜ್ಜಿ ಧೊಪ್ಪನೆ ಕೂತಳು. ಚಪ್ಪಲಿ ಬಿಟ್ಟು ಕಾಲು ಮೇಲೆ ಹಾಕಿಕೊಂಡಳು. ಚೀಲದಿಂದ ಬನ್ನು ತೆಗೆದು ಎರಡು ಮಾಡಿ, ಒಂದು ಚೂರನ್ನು ಸೀಟಿಯತ್ತ ಚಾಚಿ, "ಕೂತ್ಕೋ," ಅಂದಳು. "ಯಾರಾದ್ರೂ ಏನು ಮಾಡ್ತಿದ್ದೀರಿ ಅಂತ ಕೇಳಿದ್ರೆ, ಏನೂ ಮಾಡ್ತಿಲ್ಲ ಅನ್ನು."